ಪಥ್ಯಕ್ಕೆ ರಜೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಮೊಟ್ಟೆಯ ಬಿಳಿಭಾಗ ಎರಡು. ಸೌತೆಕಾಯಿ. ಸಕ್ಕರೆ, ಹಾಲು ಇಲ್ಲದ ಕಾಫಿ — ಅದನ್ನು ಕಾಫಿ ಅನ್ನುವುದಾದರೆ.

ಏಳರ ಡ್ರೈವಿಂಗ್ ಕ್ಲಾಸಿಗೆ ಬ್ಯಾಂಕಿನ ಹೆಂಗಸು. ಮೂರನೇ ವಾರ, ಕ್ಲಚ್ ಬಿಡುವುದು ಇನ್ನೂ ಗೊತ್ತಿಲ್ಲ. ತಿರುವಿನಲ್ಲಿ ಎದುರಿಗೆ ಹಾಲಿನ ವ್ಯಾನ್ ಬಂತು. ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು! ನನ್ನ ಕಾಲ ಬಳಿ ಇರುವ ಇನ್ನೊಂದು ಬ್ರೇಕ್ ಒತ್ತಿ ನಿಲ್ಲಿಸಿದೆ. "ನೀವು ಮುಖ ಮುಚ್ಕೊಂಡ್ರೆ ವ್ಯಾನ್ ಮಾಯ ಆಗುತ್ತೇನ್ರೀ?" ಅಂತ ಕೂಗಿದೆ. ಅತ್ತಳು. ಹಸಿದಾಗ ನನ್ನ ಬಾಯಿಗೆ ಹಿಡಿತವಿಲ್ಲ. ಹೊಟ್ಟೆ ತುಂಬಿದ್ದಾಗಲೂ ಇರಲಿಲ್ಲ ಅನ್ನುತ್ತಾನೆ ಗುಂಡ.

ಅವನಿಗೆ ಗುಂಡ ಅಂತ ಹೆಸರಿಟ್ಟಿದ್ದೂ ನಾನೇ. ಹುಟ್ಟಿದಾಗ ಕುಂಬಳಕಾಯಿಯ ಹಾಗಿದ್ದ ನನ್ನ ತಮ್ಮ. ಈಗ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ನೀರು ತುಂಬಿ ಗುಂಡಗೆ, ಕಣ್ಣು ಹಳದಿ. ಲಿವರ್ ಹೋಗಿದೆ. ಜೀವಮಾನದಲ್ಲಿ ಒಂದು ಹನಿ ಕುಡಿದವನಲ್ಲ, ಆದರೂ ಕೇಳಿದವರೆಲ್ಲ ಮೊದಲು ಅದನ್ನೇ ಕೇಳುತ್ತಾರೆ. ಯಾರಾದರೂ ತಮ್ಮ ಲಿವರಿನ ಒಂದು ತುಂಡು ಕೊಟ್ಟರೆ ಉಳಿಯುತ್ತಾನೆ. ಅವನ ಹೆಂಡತಿಯ ಬ್ಲಡ್ ಗ್ರೂಪ್ ಹೊಂದುವುದಿಲ್ಲ. ನನ್ನದು ಹೊಂದುತ್ತದೆ. ಎಲ್ಲ ಟೆಸ್ಟೂ ಪಾಸು, ಒಂದು ಬಿಟ್ಟು — ನನ್ನ ಲಿವರ್ ತುಂಬ ಕೊಬ್ಬು. ಆಚೆಯಿಂದ ನೋಡಿದರೇ ಗೊತ್ತಾಗುತ್ತಿತ್ತು, ಅದಕ್ಕೆ ಸ್ಕ್ಯಾನ್ ಬೇರೆ ಕೇಡು.

ಸರ್ಜನ್ ಹೇಳಿದ್ದು: "ಇಪ್ಪತ್ತೆರಡು ಪರ್ಸೆಂಟ್ ಇದೆ. ಹತ್ತರ ಕೆಳಗೆ ತನ್ನಿ. ಆರು ವಾರ ಆದ್ಮೇಲೆ ನೋಡೋಣ. ಅವರ ಹತ್ರ ಜಾಸ್ತಿ ಟೈಮ್ ಇಲ್ಲ."

ಶನಿವಾರ ಡಯಟೀಷಿಯನ್ ಬಳಿ ಹೋಗಬೇಕಿತ್ತು. ಅವತ್ತೇ ನನ್ನ ಇಬ್ಬರು ವಿದ್ಯಾರ್ಥಿಗಳಿಗೆ ಲೈಸೆನ್ಸ್ ಟೆಸ್ಟ್. ಗುಂಡ ಹೇಗೂ ಚೆಕಪ್‌ಗೆ ಅದೇ ಆಸ್ಪತ್ರೆಯಲ್ಲಿದ್ದ. "ನೀನು ಬರೋದೇನೂ ಬೇಡ ಅಕ್ಕ, ನಾನೇ ಕೇಳ್ಕೊಂಡು ಬರ್ತೀನಿ" ಅಂದ. ಊಟದ ಚಾರ್ಟ್ ನನ್ನ ಫೋನಿಗೆ ಬಂತು. ಓದಿ ಎದೆ ಒಡೆಯಿತು. ಎಲೆಕೋಸು, ಎಲೆಕೋಸು, ಮತ್ತೆ ಎಲೆಕೋಸು. ಆದರೆ ಬಾಯಲ್ಲಿ ಹೇಳಿ ಕಳಿಸಿದ್ದು ಇನ್ನೊಂದಿದೆಯಂತೆ: ಭಾನುವಾರ ಪೂರ್ತಿ ರಜೆ! ಏಳುವುದರಿಂದ ಮಲಗುವವರೆಗೆ ಏನು ಬೇಕಾದರೂ, ಎಷ್ಟು ಬೇಕಾದರೂ. "ಹಾಗೆ ಬಿಟ್ರೇನೇ ಉಳಿದ ಆರು ದಿನ ಮೈ ಮಾತು ಕೇಳುತ್ತಂತೆ. ಸೈನ್ಸ್ ಅಂತೆ ಅಕ್ಕ" ಅಂದ ಗುಂಡ.

ಸೈನ್ಸ್ ನೂರು ವರ್ಷ ಬಾಳಲಿ.

ಎರಡು ಕ್ಲಾಸಿನ ನಡುವೆ ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ಮುಂದಿನವನು ಬಂದ. ಚಪ್ಪಲಿ ಕಳಚಿ ಬರಿಗಾಲಲ್ಲಿ ಓಡಿಸುತ್ತಾನೆ, ಮೂರ್ಖ.

ಮಾರ್ಚ್ 9, ಭಾನುವಾರ

ಮೊದಲ ರಜೆ. ಗುಂಡನ ಮನೆಯಲ್ಲಿ. ಅವನೇ ಕರೆದಿದ್ದ. "ರಜೆ ನಮ್ಮನೇಲೇ ಮಾಡು. ನಾನಂತೂ ತಿನ್ನೋ ಹಾಗಿಲ್ಲ, ನೋಡಿಯಾದ್ರೂ ಹೊಟ್ಟೆ ತುಂಬಿಸ್ಕೋತೀನಿ."

ಅವನಿಗೆ ಉಪ್ಪಿಲ್ಲ, ಎಣ್ಣೆಯಿಲ್ಲ, ನೀರಿಗೂ ಅಳತೆ. ಮುಂದೆ ಒಂದು ಬಟ್ಟಲು ಬೇಯಿಸಿದ ತರಕಾರಿ. ನನ್ನ ಮುಂದೆ ಕರಿದ ಕೋಳಿ, ಬೆಣ್ಣೆ ಸವರಿದ ಬ್ರೆಡ್, ಆಲೂಗಡ್ಡೆ ಚಿಪ್ಸ್, ಕ್ರೀಮ್ ಕೇಕ್. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅನ್ನುತ್ತಾರೆ. ನಮ್ಮಲ್ಲಿ ಇಬ್ಬರೂ ಒಂದೇ ಮೇಜಿಗೆ ಎದುರುಬದುರು.

ಮೊದಲ ತುತ್ತು ಎತ್ತಿ ಮತ್ತೆ ತಟ್ಟೆಗೇ ಇಟ್ಟೆ. ಅವನ ಆ ಹಳದಿ ಕಣ್ಣಿನ ಎದುರು ಕೋಳಿ ಕಾಲು ಕಡಿಯುವುದು ಹೇಗೆ?

"ನಾಟಕ ಬೇಡ, ತಿನ್ನು. ತಿಂದು ಹೇಗಿದೆ ಹೇಳು."

"ಚೆನ್ನಾಗಿದೆ."

"ಥೂ! ಕಾರು ಕಲಿಸೋವಾಗ ಅರ್ಧ ಗಂಟೆ ಬೈತೀಯ, ಪಾಪದ ಕೋಳಿಗೆ ಒಂದೇ ಮಾತಾ? ಸರಿಯಾಗಿ ಹೇಳು. ಮೇಲೆ ಗರಿಗರಿ ಇದ್ಯಾ? ಉಪ್ಪು ಎಲ್ಲಿ ಸಿಗುತ್ತೆ, ಮೊದಲೋ ಕೊನೇಲೋ?"

ಹೇಳಿದೆ. ಮೊದಲು ಪೆದ್ದುಪೆದ್ದಾಗಿ. ಆಮೇಲೆ ಹುರುಪು ಬಂತು. ಉಪ್ಪು ಮೊದಲು ತುಟಿಗೆ ಸಿಗುತ್ತೆ ಕಣೋ, ಆಮೇಲೆ ಚರ್ಮ ಮುರಿಯೋ ಸದ್ದು ಕಿವಿ ಒಳಗೇ ಕೇಳುತ್ತೆ, ಆಮೇಲೆ ಬಿಸಿ ರಸ ನಾಲಿಗೆ ಪಕ್ಕಕ್ಕೆ ಜಾರುತ್ತೆ... ಕಣ್ಣು ಮುಚ್ಚಿ ಕೇಳಿದ. ಗಂಟಲು ಏರಿ ಇಳಿಯಿತು. ಕೇಳುತ್ತ ಕೇಳುತ್ತ ತನ್ನ ಚಮಚ ಎತ್ತಿ ಬಾಯಿಗಿಟ್ಟುಕೊಂಡ. ಅದೂ ಕೋಳಿ ಅಂದುಕೊಂಡೇ ಅಗಿದಿರಬೇಕು.

ಕೇಕಿನ ಕಾಮೆಂಟರಿ ಅವನ ಮಗಳದು. ಎಂಟು ವರ್ಷದ ಚಿನಕುರುಳಿ. "ಅತ್ತೆ, ನೀವು ತಿನ್ನಿ, ನಾನು ಹೇಳ್ತೀನಿ" ಅಂದಳು. ಹೇಳುತ್ತ ಹೇಳುತ್ತ ಅರ್ಧ ಕೇಕ್ ಅವಳೇ ಮುಗಿಸಿದಳು. ಗುಂಡ ನಕ್ಕ. ಎಷ್ಟು ದಿನವಾಗಿತ್ತೋ!

ಬಾಗಿಲಲ್ಲಿ ಟೈಲರಮ್ಮ ನನ್ನ ಕೈ ಹಿಡಿದುಕೊಂಡಳು. ಅವನ ಹೆಂಡತಿ, ಬಟ್ಟೆ ಅಂಗಡಿಯಲ್ಲಿ ಆಲ್ಟರೇಷನ್ ಮಾಡುತ್ತಾಳೆ. ಕುತ್ತಿಗೆಯಲ್ಲಿ ಸದಾ ಟೇಪು. "ಅಕ್ಕಾ, ಬಟ್ಟಲು ಖಾಲಿ ಮಾಡಿದ್ದಾರೆ ನೋಡಿ. ವಾರದಿಂದ ನಾಲ್ಕು ಚಮಚದ ಮೇಲೆ ಇಳೀತಿರ್ಲಿಲ್ಲ. ಪ್ರತಿ ಭಾನುವಾರ ಬನ್ನಿ."

ಬರದೆ ಏನು. ಸೈನ್ಸೇ ಹೇಳಿದೆ.

ಮಾರ್ಚ್ 11, ಮಂಗಳವಾರ

ತೂಕ ಏರಿದೆ. ಕಡಿಮೆಯಾಗಿದ್ದೂ ವಾಪಸ್ಸು, ಮೇಲೆ ಬಡ್ಡಿಯೂ. ಗುಂಡನಿಗೆ ಫೋನ್ ಮಾಡಿದೆ. "ಅದು ಬರೀ ನೀರು ಅಕ್ಕ. ಹೀಗಾಗುತ್ತೆ ಅಂತ ಡಯಟೀಷಿಯನ್ ಮೊದಲೇ ಹೇಳಿದ್ರು. ಗಾಬರಿ ಬೇಡ."

ಗಾಬರಿ ಬಿಟ್ಟೆ. ಎಲೆಕೋಸು ಬೇಯಿಸಿದೆ. ಮನೆಯೆಲ್ಲ ಒದ್ದೆ ಸಾಕ್ಸಿನ ವಾಸನೆ.

ಮಾರ್ಚ್ 20, ಗುರುವಾರ

ನಮ್ಮ ಡ್ರೈವಿಂಗ್ ಸ್ಕೂಲಿನ ಹಿರಿಯ ಮೇಷ್ಟ್ರಿಗೂ ನನಗೂ ಜಗಳ. ಲಾರಿ ಕಲಿಸುವವರು, ಸಕ್ಕರೆ ಕಾಯಿಲೆ, ಇಪ್ಪತ್ತು ವರ್ಷದಿಂದ ಪಥ್ಯ.

"ಪಥ್ಯ ಅಂದ್ರೆ ಪಥ್ಯ. ಅದಕ್ಕೆ ರಜೆ ಗಿಜೆ ಎಂಥದ್ದಮ್ಮ? ಒಂದು ದಿನ ಬಿಟ್ರೆ ಮಾರನೇ ದಿನ ನಾಲಿಗೆ ಕೇಳುತ್ತೆ, ಅದರ ಮಾರನೇ ದಿನ ಕಾಡುತ್ತೆ, ಮೂರನೇ ದಿನ ಕದಿಯುತ್ತೆ."

"ಡಯಟೀಷಿಯನ್ನೇ ಹೇಳಿದ್ದು ಸಾರ್. ಬಿಗಿ ಹಿಡಿದ್ರೆ ಹರಿಯುತ್ತಂತೆ. ಸ್ವಲ್ಪ ಸಡಿಲ ಬಿಡಬೇಕಂತೆ."

"ಇಳಿಜಾರಲ್ಲಿ ಬ್ರೇಕ್ ಸಡಿಲ ಬಿಡ್ತೀಯಾ?"

ಸಿಟ್ಟು ಬಂತು. ಓದಿದವರಿಗಿಂತ ಇವರಿಗೆ ಜಾಸ್ತಿ ಗೊತ್ತೇ?

ಆದರೆ ಒಂದು ಮಾತು ಸರಿ. ಇವತ್ತು ಗುರುವಾರ, ನಾಲಿಗೆ ಕದಿಯಿತು. ವಿದ್ಯಾರ್ಥಿ ಕೊಟ್ಟ ಬಿಸ್ಕತ್ತು ಒಂದು. ಎರಡು. ಪೊಟ್ಟಣ.

ಮಾರ್ಚ್ 30, ಭಾನುವಾರ

ಕ್ರೀಮ್ ಬನ್, ಐಸ್‌ಕ್ರೀಮ್, ಚೀಸ್ ತುಂಬಿದ ಆಮ್ಲೆಟ್. ಗುಂಡ ಒಂದೊಂದಾಗಿ ಮುಂದೆ ತಳ್ಳುತ್ತಾನೆ. "ಇನ್ನೊಂದು ತಿನ್ನು. ಅದರ ಕಾಮೆಂಟರಿ ಬಾಕಿ ಇದೆ."

ಮಧ್ಯಾಹ್ನ ಪೂರ್ತಿ ನಕ್ಕಿದ್ದೇ. ಅವನು ಲಿಫ್ಟ್ ಮೆಕ್ಯಾನಿಕ್. ಹದಿನೈದು ವರ್ಷದಲ್ಲಿ ಲಿಫ್ಟಿನಲ್ಲಿ ಸಿಕ್ಕಿಬಿದ್ದವರನ್ನೆಲ್ಲ ಬಿಡಿಸಿದ ಕಥೆಗಳು. ಒಬ್ಬ ವಕೀಲರು ಒಳಗಿನಿಂದಲೇ ನೋಟಿಸ್ ಕೊಡುತ್ತೇನೆಂದು ಕೂಗಿದರಂತೆ. ಇವನು ಹೊರಗಿನಿಂದ, "ಕೊಡಿ ಸಾರ್, ಸಂದಿಯಲ್ಲಿ ತೂರಿಸಿ" ಅಂದನಂತೆ! ನಕ್ಕು ನಕ್ಕು ಅವನಿಗೆ ಹೊಟ್ಟೆ ಹಿಡಿದುಕೊಂಡಿತು. ನೋವೋ ನಗುವೋ ತಿಳಿಯದೆ ಟೈಲರಮ್ಮ ಓಡಿ ಬಂದಳು.

ಇವನ ಜೊತೆ ಇಷ್ಟು ಹೊತ್ತು ಜಗಳವಿಲ್ಲದೆ ಕೂತ ನೆನಪೇ ನನಗಿಲ್ಲ. ಚಿಕ್ಕಂದಿನಲ್ಲೂ ಇಲ್ಲ. ಅಮ್ಮ ಹೋದಾಗ ಅವನಿಗೆ ಹನ್ನೊಂದು. ಬೆಳೆಸಿದ್ದು ನಾನು. ಬೆಳೆಸುವವರಿಗೆ ನಗಲು ಎಲ್ಲಿ ಪುರುಸೊತ್ತು?

ಹೊರಡುವಾಗ ತಮಾಷೆಗೆ ಅಂದೆ: "ನನ್ನ ಲಿವರ್ ಒಳಗೆ ಹೋದ್ಮೇಲೆ ಸಾಯೋವರೆಗೂ ನಾನು ಹೇಳಿದ ಹಾಗೆ ಕೇಳ್ಬೇಕು ನೋಡು. ಬಾಲ ಬಿಚ್ಚೋ ಹಾಗಿಲ್ಲ."

ನಗುತ್ತಿದ್ದವನು ನಿಲ್ಲಿಸಿದ. ಆಯಾಸವಾಗಿರಬೇಕು.

ಏಪ್ರಿಲ್ 6, ಭಾನುವಾರ

ಬರೆಯಲಾರೆ, ಅಷ್ಟು ತಿಂದಿದ್ದೇನೆ. ಅವನೂ ಬಟ್ಟಲು ಖಾಲಿ ಮಾಡಿದ.

ಏಪ್ರಿಲ್ 15, ಮಂಗಳವಾರ

ಹತ್ತೊಂಬತ್ತು.

ಆರು ವಾರಕ್ಕೆ ಇಪ್ಪತ್ತೆರಡರಿಂದ ಹತ್ತೊಂಬತ್ತು. ಸರ್ಜನ್ ರಿಪೋರ್ಟ್ ನೋಡಿದರು, ನನ್ನನ್ನು ನೋಡಿದರು, ಮತ್ತೆ ರಿಪೋರ್ಟ್ ನೋಡಿದರು. "ಪಥ್ಯ ಮಾಡಿದ್ರಾ?"

ಮಾಡಿದ್ರಾ! ಎಲೆಕೋಸು ತಿಂದು ತಿಂದು ಕನಸಿನಲ್ಲೂ ಎಲೆಕೋಸು ಬರುತ್ತಿದೆ. ವಾರಕ್ಕೆ ಆರು ದಿನ ಉಪವಾಸ ಬಿದ್ದಿದ್ದೇನೆ. ನನ್ನ ಮಾತು ಯಾರೂ ನಂಬಲಿಲ್ಲ. ನರ್ಸ್ ಕೂಡ ತುಟಿ ಓರೆ ಮಾಡಿದಳು. ಲೈಸೆನ್ಸ್ ಟೆಸ್ಟಿನಲ್ಲಿ ಫೇಲಾದವರು ನನ್ನೆದುರು ಅಳುವಾಗ, "ಕಲಿತಿದ್ರೆ ಪಾಸಾಗ್ತಿದ್ರಿ" ಅನ್ನುತ್ತಿದ್ದೆ. ಇವತ್ತು ಅದೇ ಮಾತು ನನಗೆ.

"ಮೊದಲು ಡಯಟೀಷಿಯನ್ ನೋಡಿ. ನೀವೇ ಹೋಗಿ. ಇನ್ನೂ ಆರೇಳು ವಾರ ಬೇಕು. ಅಲ್ಲೀವರೆಗೂ ಅವರು ತಡ್ಕೋಬೇಕು" ಅಂದರು ಸರ್ಜನ್.

ಗುಂಡನಿಗೆ ಫೋನಿನಲ್ಲಿ ಹೇಳಿದೆ. "ಹೋಗ್ಲಿ ಬಿಡು ಅಕ್ಕ. ನಿನ್ನ ಕೈಲಾದ್ದು ಮಾಡಿದೀಯ" ಅಂದ. ಎಷ್ಟು ಮೆತ್ತಗೆ ಹೇಳಿದ! ಅಳು ಬಂತು.

ಏಪ್ರಿಲ್ 17, ಗುರುವಾರ. ಮಧ್ಯಾಹ್ನ

ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿದ್ದೇನೆ.

ಡಯಟೀಷಿಯನ್ ಚಿಕ್ಕ ಹುಡುಗಿ. ಮೆತ್ತನೆ ಮಾತು. ದಿನವೂ ತಿಂದಿದ್ದನ್ನೆಲ್ಲ ಕೇಳಿದಳು. ಹೇಳಿದೆ. ಭಾನುವಾರದ್ದೂ ಹೇಳಿದೆ. ಪೆನ್ನು ಕೆಳಗಿಟ್ಟಳು.

"ಇಡೀ ದಿನಾನಾ?"

"ನೀವೇ ಹೇಳಿದ್ದಲ್ವೇನಮ್ಮ?"

"ವಾರಕ್ಕೆ ಒಂದು ಹೊತ್ತು ಅಂತ ಹೇಳಿದ್ದೆ ಮೇಡಂ. ಒಂದು ತಟ್ಟೆ. ಕರಿದದ್ದು ಬೇಡ, ಕ್ರೀಮ್ ಬೇಡ. ಮನಸ್ಸಿಗೆ ಸ್ವಲ್ಪ ಸಮಾಧಾನ ಆಗ್ಲಿ ಅಂತ. ನಿಮ್ಮ ತಮ್ಮನವರಿಗೆ ಎರಡು ಸಲ ಹೇಳಿದೆ. ಅವರೂ ಎರಡು ಸಲ ಕೇಳಿದ್ರು, ದಿನ ಪೂರ್ತಿ ಬಿಟ್ರೆ ಏನಾಗುತ್ತೆ ಅಂತ. ಆರು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ ಅಂದಿದ್ದೆ."

ಎರಡು ಸಲ ಕೇಳಿದ. ಸರಿಯಾಗಿ ತಿಳಿದುಕೊಂಡೇ ಬಂದ.

ಅದೇ ದಿನ, ಸಂಜೆ

ಹೋಗಿ ಕೇಳಿದೆ. ಸುಳ್ಳಾದರೂ ಹೇಳುತ್ತಾನೇನೋ ಅಂದುಕೊಂಡಿದ್ದೆ. ಮರೆತೆ ಅಂತಲೋ, ತಪ್ಪಾಗಿ ಕೇಳಿಸಿತು ಅಂತಲೋ. ಹೇಳಲಿಲ್ಲ. ದಿಂಬು ಸರಿಮಾಡಿಕೊಂಡು ಕೂತ.

"ಹೌದು. ಬೇಕು ಅಂತಲೇ."

"ಯಾಕೋ?"

"ಒಂದು ಲೋಟ ನೀರು ಕೊಟ್ರೂ ಹತ್ತು ವರ್ಷ ಜ್ಞಾಪಿಸ್ತೀಯ ಅಕ್ಕ. ಓದಿಸಿದ್ದು ನೀನು, ಕೆಲಸಕ್ಕೆ ಸೇರಿಸಿದ್ದು ನೀನು, ಹೆಣ್ಣು ನೋಡಿದ್ದು ನೀನು. ಮಗಳ ಸ್ಕೂಲೂ ನೀನೇ ಆರಿಸಿದ್ದು. ಎಲ್ಲಾ ಸರಿ. ಈಗ ಹೊಟ್ಟೆ ಒಳಗೂ ನೀನೇ ಬಂದು ಕೂತ್ಕೋಬೇಕಾ? ದಿನಾ ಎದ್ದು ನಿನ್ನ ಲಿವರ್‌ಗೆ ಕೈ ಮುಗ್ದು ಬದುಕೋಕೆ ನನ್ನಿಂದ ಆಗಲ್ಲ."

"ಸಾಯ್ತೀಯಲ್ಲೋ ಮುಠ್ಠಾಳ!"

"ಸಾಯೋದು ನನ್ನದು. ಅದೊಂದಾದ್ರೂ ನನ್ನದಾಗಿರ್ಲಿ."

"ಬೇಡ ಅಂತ ಮುಖಕ್ಕೆ ಹೇಳೋಕೇನಾಗಿತ್ತು ರೋಗ?"

"ನಿನಗೆ ಬೇಡ ಅಂತ ಹೇಳಿ ಗೆದ್ದವರು ಯಾರಿದ್ದಾರೆ ಅಕ್ಕ?"

ಟೈಲರಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ಅವಳಿಗೂ ಗೊತ್ತಿರಲಿಲ್ಲ. ಹೊಸ್ತಿಲ ಮೇಲೆ ಕೂತು ತನ್ನ ಎರಡೂ ಕೈ ನೋಡಿಕೊಂಡಳು. ಆರು ಭಾನುವಾರ ಗಂಡ ಹೇಳಿದ್ದನ್ನೆಲ್ಲ ಬೇಯಿಸಿ, ಕರಿದು, ನನ್ನ ತಟ್ಟೆಗೆ ಬಡಿಸಿದ್ದು ಅವಳ ಕೈ.

ಮೈಯೆಲ್ಲ ಉರಿಯುತ್ತಿದೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ. ನಾನು ಹೇಳುತ್ತಿದ್ದುದರಲ್ಲಿ ಸುಳ್ಳೇನಿದೆ? ಓದಿಸಿದ್ದು ನಾನೇ ತಾನೆ? ಆಗಿದ್ದನ್ನು ಆಗಿದೆ ಅಂದರೆ ತಪ್ಪೇ? ಆ ಕೋಳಿ, ಆ ಕೇಕು, ಆ ನಗು, ಎಲ್ಲ ನನ್ನನ್ನು ಫೇಲ್ ಮಾಡಿಸಲು! ಬೋನಿಗೆ ರೊಟ್ಟಿ ಚೂರು ಇಟ್ಟು ಇಲಿ ಹಿಡಿದ ಹಾಗೆ ಹಿಡಿದ.

ಅವನಿಗೆ ಬೇಡವಾದರೆ ಬೇಡ. ನಾನು ಕೊಟ್ಟೇ ತೀರುತ್ತೇನೆ.

ಏಪ್ರಿಲ್ 20, ಭಾನುವಾರ

ಹೋಗಲಿಲ್ಲ. ಇನ್ನು ಭಾನು, ಸೋಮ ಎಲ್ಲ ಒಂದೇ. ಡಯಟೀಷಿಯನ್ ಹುಡುಗಿ ಕೊಟ್ಟ ಒಂದು ಹೊತ್ತಿನ ವಿನಾಯಿತಿಯೂ ಬೇಡ ಅಂದುಬಿಟ್ಟೆ. ಇಡೀ ದಿನ ಕ್ಲಾಸ್ ಹಾಕಿಸಿಕೊಂಡೆ. ರಿವರ್ಸ್ ಕಲಿಸುವಾಗ ಮೂವರಿಗೂ ಬೈದೆ. ಮೂವರೂ ಗೋಡೆಗೆ ಗುದ್ದಿದರು.

ಏಪ್ರಿಲ್ 25, ಶುಕ್ರವಾರ

ಟೈಲರಮ್ಮ ಡ್ರೈವಿಂಗ್ ಸ್ಕೂಲಿನ ಹತ್ತಿರ ಬಂದಿದ್ದಳು. ಮೊದಲೇ ಕೊಟ್ಟಿದ್ದ ನನ್ನ ಎರಡು ಪ್ಯಾಂಟು, ಇಳಿದೇ ಇಳಿಯುತ್ತೀರಿ ಅಂತ ಬಿಗಿ ಮಾಡಿ ತಂದಿದ್ದಳು. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮಾತು.

"ಒಪ್ಪಿಸಿದ್ದೀನಿ ಅಕ್ಕ. ಮಗಳನ್ನ ಎದುರಿಗೆ ನಿಲ್ಲಿಸಿ, ಇವಳಿಗೆ ನೀವೇ ಹೇಳಿ ಅಂದೆ. ಆಗ ಒಪ್ಪಿದ್ರು. ನೀವು ಪಾಸಾದ್ರೆ ಮಾಡಿಸ್ಕೋತಾರೆ."

"ದೊಡ್ಡ ಉಪಕಾರ ಆಯ್ತು ಅಂತ ಹೇಳು."

"ಕೋಪ ಮಾಡ್ಕೋಬೇಡಿ. ಅವತ್ತು ಅವರು ಹೇಳಿದ್ದಷ್ಟೇ ಕಾರಣ ಅಲ್ಲ. ಆಪರೇಷನ್‌ನಲ್ಲಿ ಕೊಡೋರಿಗೂ ಅಪಾಯ ಇದೆ, ಅಪರೂಪಕ್ಕೆ ಪ್ರಾಣಕ್ಕೂ ಆಗಬಹುದು ಅಂತ ಸರ್ಜನ್ ಹೇಳಿದ್ರಂತೆ. ಅವತ್ತಿಂದ ನಿದ್ದೆ ಇಲ್ಲ. ಅಕ್ಕ ಟೇಬಲ್ ಮೇಲೆ ಹೋಗ್ಬಿಟ್ರೆ ಯಾವ ಮುಖ ಇಟ್ಕೊಂಡು ಬದುಕ್ಲಿ ಅಂತ ನನ್ನ ಹತ್ರ ಎಷ್ಟು ಸಲ..."

ಇದನ್ನು ನನಗೆ ಹೇಳಲು ಏನು ಧಾಡಿ ಅವನಿಗೆ? ಚುಚ್ಚುವ ಮಾತು ನನಗೆ, ಒಳ್ಳೆಯ ಮಾತು ಹೆಂಡತಿಗೆ. ಯಾವುದು ನಿಜವೋ. ಎರಡೂ ಇರಬಹುದು. ನಮ್ಮ ಮನೆಯವರೇ ಹೀಗೆ. ಪ್ರೀತಿ ತೋರಿಸು ಅಂದರೆ ಮುಖ ತಿರುಗಿಸುತ್ತೇವೆ.

ಮೇ 4, ಭಾನುವಾರ

ಗುಂಡನ ಫೋನ್. ದನಿ ಸಣ್ಣಗಾಗಿದೆ.

"ರಜೆ ಏನೂ ಬೇಡ ಅಕ್ಕ. ಸುಮ್ನೆ ಬಾ. ಸೌತೆಕಾಯಿನೇ ತಿನ್ನು. ಅದರ ಕಾಮೆಂಟರಿ ಕೊಡು."

ನಗು ಬಂದುಬಿಡುತ್ತಿತ್ತು. ತಡೆದುಕೊಂಡೆ. ನಕ್ಕರೆ ಸೋತ ಹಾಗೆ.

"ಸ್ಕ್ಯಾನ್ ಪಾಸಾಗೋವರೆಗೂ ನಿನ್ನ ಮನೆ ಮೆಟ್ಟಿಲು ತುಳಿಯಲ್ಲ. ಇನ್ನೊಂದು ಸಲ ನಿನ್ನ ಬಲೆಗೆ ಬೀಳೋಕೆ ನನಗೇನು ಹುಚ್ಚಾ?"

"ಸರಿ ಅಕ್ಕ" ಅಂದ. ಇಟ್ಟ.

ಸರಿ ಮಾಡಿದೆ. ಸರಿಯೇ ಮಾಡಿದೆ.

ಮೇ 13, ಮಂಗಳವಾರ

ತಲೆ ಸುತ್ತು. ಬ್ಯಾಂಕಿನ ಹೆಂಗಸು ಬೇರೆ ಮೇಷ್ಟ್ರು ಬೇಕು ಅಂತ ಓನರ್‌ಗೆ ಹೇಳಿದ್ದಾಳೆ. ಬೇಕರಿಯ ಗಾಜಿನ ಮುಂದೆ ನಿಂತಿದ್ದೆ, ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಗಾಜಿನಲ್ಲಿ, ಕೇಕಿನ ಮೇಲೆ ನನ್ನ ಮುಖ ಕಾಣುತ್ತಿತ್ತು, ಕೆನ್ನೆ ಒಳಕ್ಕೆ ಹೋಗಿದೆ. ಗುಂಡನ ಮುಖವೇ.

ಹಿರಿಯ ಮೇಷ್ಟ್ರಿಗೆ ಖುಷಿಯೋ ಖುಷಿ. "ನಾನು ಹೇಳಿರ್ಲಿಲ್ವಾ? ಪಥ್ಯಕ್ಕೆ ರಜೆ ಇಲ್ಲ. ಈಗ ನೋಡು, ಕರಗ್ತಾ ಇದೀಯ."

ಹೌದು, ಕರಗುತ್ತಿದ್ದೇನೆ. ಭಾನುವಾರಗಳು ಮಾತ್ರ ಕರಗುವುದಿಲ್ಲ. ಮಧ್ಯಾಹ್ನ ಒಂದು ಗಂಟೆಯಾದರೆ ಕೈಕಾಲಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಒಂದು ತುತ್ತು ಎಲೆಕೋಸು ಬಾಯಿಗಿಟ್ಟು, ಮನಸ್ಸಿನಲ್ಲೇ ವರ್ಣಿಸಿದೆ: ಮೊದಲು ಏನೂ ಇಲ್ಲ, ಆಮೇಲೂ ಏನೂ ಇಲ್ಲ.

ಮೇ 25, ಭಾನುವಾರ

ಚಿನಕುರುಳಿ ಅಮ್ಮನ ಫೋನ್ ತೆಗೆದುಕೊಂಡು ಮಾಡಿದ್ದಳು. ಪಿಸುಮಾತಿನಲ್ಲಿ.

"ಅತ್ತೆ, ನೀವ್ಯಾಕೆ ಬರಲ್ಲ? ಅಪ್ಪ ಊಟಾನೇ ಮಾಡ್ತಿಲ್ಲ. ಭಾನುವಾರ ಮಾತ್ರ ಮಾಡ್ತಿದ್ರು, ನೀವಿದ್ದಾಗ. ನಾನು ಕಾಮೆಂಟರಿ ಕೊಟ್ಟೆ, ಆದ್ರೂ ತಿನ್ಲಿಲ್ಲ."

"ಬರ್ತೀನಿ ಕಂದ. ಮುಂದಿನ ವಾರ ಕಳೀಲಿ, ನನ್ನ ಪರೀಕ್ಷೆ ಮುಗೀಲಿ."

"ನಿಮಗೂ ಪರೀಕ್ಷೆನಾ?"

ಫೋನ್ ಇಟ್ಟು ಕಾರಿನ ಕೀ ತೆಗೆದುಕೊಂಡೆ. ಬಾಗಿಲವರೆಗೆ ಹೋದೆ. ಹೋದರೆ ಎರಡು ತುತ್ತಾದರೂ ತಿನ್ನು ಅನ್ನುತ್ತಾನೆ, ಆ ಮುಖ ನೋಡಿ ಬೇಡ ಅನ್ನಲು ನನ್ನಿಂದಾಗುವುದಿಲ್ಲ. ಎರಡು ಹತ್ತಾಗುತ್ತದೆ. ಸ್ಕ್ಯಾನಿಗೆ ಇನ್ನೆಷ್ಟು ದಿನ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬಂದುಬಿಡುತ್ತದೆ. ಕೀ ಮೊಳೆಗೆ ಹಾಕಿದೆ.

ಜೂನ್ 3, ಮಂಗಳವಾರ

ಎಂಟು!

ಎಂಟು ಎಂಟು ಎಂಟು. ಸರ್ಜನ್ ಎದ್ದು ನಿಂತು ಕೈ ಕುಲುಕಿದರು. "ಮಗುವಿನ ಲಿವರ್ ಹಾಗಿದೆ ಮೇಡಂ." ಹದಿನೇಳನೇ ತಾರೀಕು ಆಪರೇಷನ್. ತುಟಿ ಓರೆ ಮಾಡಿದ್ದ ನರ್ಸಿನ ಎದುರು ಬೇಕೆಂದೇ ಎರಡು ಸಲ ಓಡಾಡಿದೆ.

ಟೈಲರಮ್ಮನಿಗೆ ಫೋನ್ ಮಾಡಿದೆ. ಅತ್ತುಬಿಟ್ಟಳು. ಅವಳಿಂದ ಆಣೆ ಹಾಕಿಸಿಕೊಂಡೆ: ಅವನಿಗೆ ಹೇಳಕೂಡದು. ನಾನೇ ಹೇಳಬೇಕು. ಭಾನುವಾರ, ಅದೇ ಮೇಜಿಗೆ ಕೂತು, ಕಣ್ಣಲ್ಲಿ ಕಣ್ಣಿಟ್ಟು. ಭಾನುವಾರವೇ ನನ್ನನ್ನು ಸೋಲಿಸಿದ್ದು, ಭಾನುವಾರವೇ ಗೆಲ್ಲಬೇಕು. "ಇವತ್ತೇ ಬಂದು ಹೇಳಿ ಅಕ್ಕ, ತುಂಬ ಸೊರಗಿದ್ದಾರೆ" ಅಂದಳು. ಇಷ್ಟು ದಿನ ಕಾದವನು ಇನ್ನೈದು ದಿನ ಕಾಯಲಿ. ಸ್ವಲ್ಪ ಬೇಯಲಿ ನನ್ನ ಹಾಗೆ.

ಏನು ಹೇಳಬೇಕೆಂದು ಕಾರಿನಲ್ಲಿ ದಾರಿಯುದ್ದಕ್ಕೂ ಅಭ್ಯಾಸ ಮಾಡಿದೆ. "ಗುಂಡಾ, ಎರಡು ಸಲ ಕೇಳ್ಕೊಂಡು ಬಂದು ಬಲೆ ಹಾಕಿದ್ಯಲ್ಲ, ಈಗೇನಂತೀಯ? ಇನ್ನು ನೀನು ಸಾಯೋವರೆಗೂ ನನ್ನ ಋಣ. ಎದ್ದರೂ ಋಣ, ಕೂತರೂ ಋಣ. ದಿನಾ ಜ್ಞಾಪಿಸ್ತೀನಿ. ಬದುಕಿ ಅನುಭವಿಸು!"

ಹೇಳಿ ಅವನ ಮುಖ ನೋಡಬೇಕು. ಬೈಯುತ್ತಾನೆ. ಆಮೇಲೆ ನಗುತ್ತಾನೆ. ನಕ್ಕೇ ನಗುತ್ತಾನೆ, ನನಗೆ ಗೊತ್ತು.

ಜೂನ್ 7, ಶನಿವಾರ

ಗುಂಡನಿಗೆ ಬೆಳಿಗ್ಗೆ ಚಳಿಜ್ವರ ಬಂತಂತೆ. ಮಧ್ಯಾಹ್ನದ ಹೊತ್ತಿಗೆ ಯಾರ ಗುರುತೂ ಸಿಗುತ್ತಿಲ್ಲವಂತೆ. ಅಡ್ಮಿಟ್. ಹೊರಟೆ.

ಜೂನ್ 8, ಭಾನುವಾರ

ಐಸಿಯು. ಮೂಗಲ್ಲಿ, ಬಾಯಲ್ಲಿ ನಳಿಕೆ. ಕೈ ಹಿಡಿದುಕೊಂಡೆ, ಸುಡುತ್ತಿತ್ತು. "ಪಾಸಾದೆ ಕಣೋ" ಅಂದೆ. "ಎಂಟು ಬಂತು ಕಣೋ ಗುಂಡ." ಇನ್ನೇನೂ ಬಾಯಿಗೆ ಬರಲಿಲ್ಲ.

"ಅವರಿಗೆ ಕೇಳ್ಸಲ್ಲ ಮೇಡಂ" ಅಂದಳು ನರ್ಸ್. ಅದೇ ನರ್ಸ್.

ಸೋಂಕು ರಕ್ತಕ್ಕೆ ಇಳಿದಿದೆ. ಈ ಸ್ಥಿತಿಯಲ್ಲಿ ಕತ್ತಿ ಹಾಕುವ ಹಾಗಿಲ್ಲ. ಮೈಯಲ್ಲಿ ಕಸುವಿಲ್ಲ, ತಿಂಗಳಿಂದ ಸರಿಯಾಗಿ ತಿಂದಿಲ್ಲ, ಅದಕ್ಕೇ ತಡೆದುಕೊಳ್ಳುತ್ತಿಲ್ಲ ಅಂದರು ಸರ್ಜನ್. "ನೀವು ರೆಡಿ ಇದ್ದೀರಿ. ಅವರು ಇಲ್ಲ."

ಜೂನ್ 11, ಬುಧವಾರ

ಬೆಳಿಗ್ಗೆ ಹೋದ.

ಜುಲೈ 6, ಭಾನುವಾರ

ಬರೆಯಲಿಲ್ಲ. ಬರೆಯಲು ಏನಿತ್ತು.

ಬಂದವರೆಲ್ಲ ಒಂದೇ ಮಾತು. ಅವನನ್ನು ಕಳಿಸಿ ಬಂದ ದಿನವೂ ಒಬ್ಬಳು ನನ್ನ ಭುಜ ಸವರಿ, "ಪಾಪ, ಏನೇ ಆಗ್ಲಿ, ನೀವು ಮಾತ್ರ ಚೆನ್ನಾಗಿ ಸಣ್ಣ ಆಗಿದ್ದೀರ" ಅಂದಳು. ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ. ನುಂಗಲು ಕಲಿತಿದ್ದೇನೆ.

ಈ ವಾರದಿಂದ ಮತ್ತೆ ಕ್ಲಾಸು. ಹೊಸ ಹುಡುಗಿಯೊಬ್ಬಳು, ಮದುವೆ ಗೊತ್ತಾಗಿದೆ. ಇವತ್ತು ಬೆಳಿಗ್ಗೆ ಸ್ಟಿಯರಿಂಗ್ ಹಿಡಿದುಕೊಂಡೇ ಶುರು ಮಾಡಿದಳು.

"ಮೇಡಂ, ಆಫೀಸ್ ಗೋಡೇಲಿ ನಿಮ್ಮ ಹಳೇ ಫೋಟೋ ನೋಡ್ದೆ. ಗುರುತೇ ಸಿಗ್ಲಿಲ್ಲ! ಹೇಗೆ ಇಳಿಸಿದ್ರಿ? ನಾನೂ ಮಾಡ್ತಿದೀನಿ. ವಾರಕ್ಕೊಂದು ದಿನ ರಜೆ ತಗೋಬಹುದಾ, ತಗೋಬಾರ್ದಾ? ಒಬ್ಬೊಬ್ರು ಒಂದೊಂದು ಹೇಳ್ತಾರೆ."

ರಸ್ತೆ ನೋಡು ಅಂತ ಬೈಯಬೇಕಿತ್ತು. ಕಾರು ಪಕ್ಕಕ್ಕೆ ನಿಲ್ಲಿಸಲು ಹೇಳಿದೆ. ಚೆನ್ನಾಗಿಯೇ ನಿಲ್ಲಿಸಿದಳು.

"ಮೊದಲು ಆರು ವಾರ ರಜೆ ತಗೊಂಡೆ, ಇಳೀಲಿಲ್ಲ. ಆಮೇಲೆ ಏಳು ವಾರ ತಗೊಳ್ಳಲಿಲ್ಲ, ಇಳೀತು."

"ಹಾಗಾದ್ರೆ ತಗೋಬಾರ್ದು ಅಂತಾಯ್ತು."

"ತಗೋ" ಅಂದೆ.

ನನ್ನನ್ನು ಹುಚ್ಚಿ ಅಂದುಕೊಂಡಿರಬೇಕು. ಅಂದುಕೊಳ್ಳಲಿ. ರಜೆ ತೆಗೆದುಕೊಂಡು ಆರು ವಾರ ಹಾಳಾಯಿತು, ಆ ಆರು ವಾರ ಸಿಕ್ಕಿದ್ದರೆ ಅವನು ಇರುತ್ತಿದ್ದ. ಈ ಲೆಕ್ಕ ಸರಿಯಾಗಿದೆ. ರಜೆ ಬಿಟ್ಟ ಏಳು ಭಾನುವಾರ ಅವನು ಒಬ್ಬನೇ ಕೂತ, ಬಟ್ಟಲು ಮುಟ್ಟಲಿಲ್ಲ, ಒಂದು ಜ್ವರ ತಡೆಯುವ ಶಕ್ತಿಯೂ ಉಳಿಯಲಿಲ್ಲ. ಈ ಲೆಕ್ಕವೂ ಸರಿಯಾಗಿದೆ. ಯಾವ ಕಡೆಯಿಂದ ಕೂಡಿದರೂ ಸಾಯುವವನು ಅವನೇ. ಅವನ ಮೇಲಿನ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಯಾರ ಮೇಲೆ ತೀರಿಸಲಿ?

ಮಧ್ಯಾಹ್ನ ಒಂದು ಗಂಟೆ. ಟೈಲರಮ್ಮ ಊಟಕ್ಕೆ ಕರೆದಿದ್ದಾಳೆ, ಇಲ್ಲ ಅನ್ನಲಾಗಲಿಲ್ಲ. ಅವರ ಮನೆಯ ಮುಂದೆ ಕಾರಿನಲ್ಲಿ ಕೂತಿದ್ದೇನೆ. ಕರಿಯುವ ವಾಸನೆ ಇಲ್ಲಿಯವರೆಗೂ ಬರುತ್ತಿದೆ. ನಾನೀಗ ಏನು ಬೇಕಾದರೂ ತಿನ್ನಬಹುದು. ಬೆಣ್ಣೆ, ಕ್ರೀಮು, ಎಷ್ಟು ಬೇಕಾದರೂ. ಭಾನುವಾರವೇ ಆಗಬೇಕೆಂದಿಲ್ಲ, ಸೋಮವಾರವೂ ತಿನ್ನಬಹುದು, ದಿನವೂ ತಿನ್ನಬಹುದು. ಇಷ್ಟು ಶುದ್ಧವಾದ ಲಿವರು ಯಾರಿಗೂ ಬೇಕಾಗಿಲ್ಲ.

ಚಿನಕುರುಳಿ ಬಾಗಿಲಿಗೆ ಬಂದಿದ್ದಾಳೆ. ಕೈ ಬೀಸುತ್ತಿದ್ದಾಳೆ. ಅವಳೂ ತೆಳ್ಳಗಾಗಿದ್ದಾಳೆ, ಸರಿಯಾಗಿ ತಿನ್ನುತ್ತಿಲ್ಲವೇನೋ. ಇಳಿದು ಒಳಗೆ ಹೋಗಬೇಕು. ಹೋಗಿ ಕೂತು, ಬಡಿಸಿದ್ದನ್ನು ಆ ಮಗುವಿನ ಕಣ್ಣೆದುರು ತಿನ್ನಬೇಕು, ಉಪ್ಪು ಮೊದಲು ಎಲ್ಲಿ ಸಿಗುತ್ತೆ ಅಂತ ಹೇಳುತ್ತ.